ಚೂರಿಗೊಂದು ಗುಡ್ಡೆ

ಜಿರಳೆಗಿಂತ ದೊಡ್ಡ ಪ್ರಾಣಿಯನ್ನು ನಾನು ಕೈಯಾರೆ ಕೊಂದವಳಲ್ಲ. ಅದನ್ನೂ ಕಣ್ಣು ಮುಚ್ಚಿಕೊಂಡು ಹೊಡೆಯುವುದರಿಂದ ಮುಕ್ಕಾಲು ಪಾಲು ಜಿರಳೆಗಳು ಬದುಕಿ ಉಳಿದಿವೆ. ಓದಿದ ಹುಡುಗನೊಬ್ಬ ಇಂಥವಳ ಹತ್ತಿರ ಬಂದು, ಕಾಡುಹಂದಿ ಬೇಟೆಗೆ ಯಾವ ಚಾಕು ಕೊಳ್ಳಬೇಕು ಎಂದು ಸಲಹೆ ಕೇಳಿದ. ತಮಾಷೆಗಲ್ಲ. ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದ ಹಾಳೆಗಳ ಕಟ್ಟೇ ಅವನ ಕೈಯಲ್ಲಿತ್ತು.

ಹುಡುಗನ ಹೆಸರು ಕಾರ್ತಿಕ್. ಬೆಂಗಳೂರಿನವನು, ಇಲ್ಲಿ ಸಿಂಗಪುರದ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಸೆಂಬವಾಂಗಿನಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲೇ ರೂಮು ಮಾಡಿಕೊಂಡಿದ್ದಾನೆ. ಇಂಥ ಒಂಟಿ ಹುಡುಗರಿಗೆ ನಾನು ಸಂಜೆ ಊಟದ ಡಬ್ಬಿ ಕಟ್ಟಿಕೊಡುತ್ತೇನೆ. ಡಬ್ಬಿ ತೆಗೆದುಕೊಳ್ಳಲು ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ಆಂಟಿ, ಒಂದು ಅಡ್ವೈಸ್ ಬೇಕಿತ್ತು. ಹಂಟಿಂಗ್‌ಗೆ ಫಿಕ್ಸೆಡ್ ಬ್ಲೇಡ್ ತಗೊಳ್ಳೋದಾ, ಫೋಲ್ಡಿಂಗ್ ತಗೊಳ್ಳೋದಾ? ಫೋರಮ್‌ನಲ್ಲಿ ಒಬ್ಬೊಬ್ಬ ಒಂದೊಂದು ಹೇಳಿ ಪೂರ್ತಿ ಕನ್‌ಫ್ಯೂಸ್ ಮಾಡಿಟ್ಟಿದ್ದಾರೆ."

"ನನ್ನನ್ನ್ಯಾಕಪ್ಪ ಕೇಳ್ತೀಯ? ನಾನು ಸೌತೆಕಾಯಿ ಹೆಚ್ಚೋಳು."

"ಅಂಕಲ್ ಇದ್ದಿದ್ರೆ ಅವರನ್ನೇ..." ಎಂದವನು ನಾಲಿಗೆ ಕಚ್ಚಿಕೊಂಡ.

ಇವರು ಹೋದ ಮೇಲೆ ನನ್ನೆದುರು ನಾಲಿಗೆ ಕಚ್ಚಿಕೊಳ್ಳುವವರು ಬಹಳ ಜನ ಆಗಿದ್ದಾರೆ. ಇವರ ಮಾತು ಬಂದರೆ ನಾನು ಗಾಜಿನ ಲೋಟದ ಹಾಗೆ ಬಿದ್ದು ಒಡೆಯುತ್ತೇನೆಂದು ಅವರ ಭಯ. ನಿಜ ಹೇಳಬೇಕೆಂದರೆ, ಯಾರಾದರೂ ಇವರ ಹೆಸರು ಎತ್ತಲಿ ಎಂದೇ ನಾನು ಕಾಯುತ್ತಿರುತ್ತೇನೆ. ಅದಕ್ಕೇ ಕಾರ್ತಿಕನನ್ನು ಒಳಗೆ ಕರೆದು ಕೂರಿಸಿದೆ. ಚಾಕುವಿನ ವಿಷಯ ಎಂದರೆ ನಮ್ಮ ಮನೆಯಲ್ಲಿ ಇವರ ವಿಷಯವೇ.

ಇವರ ಹೆಸರು ಜವರಪ್ಪ. ಇಲ್ಲಿನ ಹಡಗು ರಿಪೇರಿ ಯಾರ್ಡಿನಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆದವರು. ಅಲ್ಲಿ ಯಾರ ಬಾಯಿಗೂ ಜವರಪ್ಪ ಹತ್ತದೆ ಎಲ್ಲರಿಗೂ ‘ಜಾವಾ’ ಆಗಿದ್ದರು. ಊರು ಹುಣಸೂರಿನ ಕಡೆ. ಅಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಬ್ಬದಲ್ಲಿ ಒಬ್ಬಟ್ಟು ತಿಂದ ಬಾಯಿಗೆ ಮಾರನೆಯ ದಿನ ಬಾಡು ಬೀಳಲೇಬೇಕು. ನಮ್ಮ ಮಾವನವರ ಕಾಲದಲ್ಲಿ ಆ ದಿನ ಊರಿನ ಗಂಡಸರೆಲ್ಲ ಬೇಟೆಗೆ ಹೋಗುತ್ತಿದ್ದರಂತೆ. ಆಮೇಲೆ ಕಾಯಿದೆ ಬಂತು, ಬೇಟೆ ನಿಂತಿತು. ಜನ ಕುರಿ ಕಡಿದು ಸಮಾಧಾನ ಮಾಡಿಕೊಂಡರು. ಗುಡ್ಡೆ ಹಾಕುವುದು ಮಾತ್ರ ನಿಲ್ಲಲಿಲ್ಲ. ಮಾಂಸವನ್ನು ಬಾಳೆಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕಿ, ಪಾಲಿನ ಮನೆಗೊಂದರಂತೆ ಹಂಚುತ್ತಾರೆ. ಇವರ ಊರಿನಲ್ಲಿ ಅದರ ಜೊತೆಗೆ ಒಂದು ಗುಡ್ಡೆ ಹೆಚ್ಚಿಗೆ. ಅದು ಚೂರಿಯದು. ಯಾರ ಮನೆಯ ಚೂರಿಯಲ್ಲಿ ಬಾಡು ಕೊಯ್ದರೋ ಆ ಮನೆಗೆ ಅದು ಸಲ್ಲಬೇಕು. ಮನೆಯ ಯಜಮಾನ ಬಂದಿರಲಿ, ಹಾಸಿಗೆ ಹಿಡಿದಿರಲಿ, ಸತ್ತೇ ಹೋಗಿರಲಿ, ಚೂರಿ ಬಂದಿದ್ದರೆ ಆ ಮನೆ ಬಂದ ಹಾಗೆ.

ಈ ಪದ್ಧತಿಯನ್ನು ಇವರು ಸಮುದ್ರ ದಾಟಿಸಿ ತಂದರು. ಯಾರ್ಡಿನಲ್ಲಿ ಇವರ ಜೊತೆಗಾರ ಆ ಲಿಯೊಂಗ್ ಎಂಬ ಚೀನೀಯರು. ಮುಂದಿನ ‘ಆ’ ಕೂಡ ಹೆಸರಿಗೇ ಸೇರಿದ್ದು. ಅವರ ಕಸಿನ್ ಒಬ್ಬರದು ಸೇತುವೆಯಾಚೆ, ಪಕ್ಕದ ದೇಶದ ಜೊಹೊರಿನಲ್ಲಿ ಎಣ್ಣೆತಾಳೆ ತೋಟ. ಎಳೆಯ ಗಿಡಗಳನ್ನು ಹಂದಿಗಳು ಬುಡಸಹಿತ ಅಗೆದು ತಿನ್ನುವುದರಿಂದ ಕಸಿನ್ ಹತ್ತಿರ ಪರವಾನಗಿಯೂ ಇತ್ತು, ಬಂದೂಕೂ ಇತ್ತು. ವರ್ಷಕ್ಕೊಂದು ಸಲ, ಯುಗಾದಿ ಕಳೆದ ಭಾನುವಾರ, ಬಂದೂಕು ಅವರದು ಚೂರಿ ನಮ್ಮದು ಎಂದು ಇವರು ಹೊರಡುತ್ತಿದ್ದರು. ಹಂದಿಯನ್ನು ಚೀನೀಯರು ಬಿಸಿನೀರು ಹೊಯ್ದು ಕೆರೆಯುತ್ತಾರೆ, ನಮ್ಮವರು ಗರಿಯ ಬೆಂಕಿಯಲ್ಲಿ ಸುಟ್ಟು ಕೆರೆಯುತ್ತಾರೆ. ಇದರ ಮೇಲೆ ಪ್ರತಿ ವರ್ಷವೂ ವಾದ ನಡೆದು ಪ್ರತಿ ವರ್ಷವೂ ಇವರೇ ಗೆಲ್ಲುತ್ತಿದ್ದರಂತೆ. ಇದು ಇವರು ಹೇಳಿದ್ದು, ಆ ಲಿಯೊಂಗ್ ಹೇಳುವುದು ಬೇರೆ.

ಆದರೆ ಬಾಡನ್ನು ಸೇತುವೆ ದಾಟಿಸಿ ತರುವ ಹಾಗಿಲ್ಲ, ಗಡಿಯಲ್ಲಿ ಬಿಡುವುದಿಲ್ಲ. ಹಾಗಾಗಿ ಚೂರಿಯ ಗುಡ್ಡೆಯನ್ನು ಇವರು ಅಲ್ಲೇ ಬೇಯಿಸಿ ತಿಂದು ಬರುತ್ತಿದ್ದರು. ಬಂದವರು ಬಾಗಿಲಲ್ಲೇ ವರದಿ ಒಪ್ಪಿಸುತ್ತಿದ್ದರು. "ಮನೇಗೆ ಸಲ್ಲಬೇಕಾದ ಪಾಲು ಕಣೇ, ಏನ್ಮಾಡ್ಲಿ, ನಿಂದನ್ನೂ ನಾನೇ ತಿಂದೆ." ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರುತ್ತಿರಲಿಲ್ಲ.

ಇನ್ನು ಕಾರ್ತಿಕನ ಪ್ರಶ್ನೆಗೆ ಬರುತ್ತೇನೆ. ಮಡಚುವುದೋ, ಮಡಚದ್ದೋ?

ಇದು ಬೇಟೆಯವರ ಪ್ರಶ್ನೆ ಎಂದು ಅವನ ಹಾಳೆಗಳು ಹೇಳುತ್ತವೆ. ನಾನು ಒಪ್ಪುವುದಿಲ್ಲ. ಇದು ಮೊದಲು ಈಳಿಗೆಮಣೆಯ ಪ್ರಶ್ನೆ. ನನ್ನ ಅಮ್ಮನ ಈಳಿಗೆ ಮಣೆಗೆ ಜಡಿದು ನಿಂತದ್ದು. ಅಡುಗೆಮನೆಯ ಮೂಲೆಯಲ್ಲಿ ಹೆಡೆ ಎತ್ತಿಕೊಂಡು ಕೂತಿರುತ್ತಿತ್ತು. ಅದರ ಕಡೆ ತೆವಳಿದ ಮಕ್ಕಳನ್ನೆಲ್ಲ ಅಮ್ಮ ಕಾಲು ಹಿಡಿದು ಎಳೆದು ಬೆಳೆಸಿದಳು. ನಾನು ಮದುವೆಯಾಗಿ ಸಿಂಗಪುರಕ್ಕೆ ಹೊರಟಾಗ ಮೈಸೂರಿನ ಅಂಗಡಿಯಲ್ಲಿ ಮಡಚುವ ಈಳಿಗೆ ಕೊಡಿಸಿದಳು. ಅಲಗು ಮಣೆಯ ಮೇಲೆ ಪೂರ್ತಿ ಮಲಗುತ್ತದೆ, ಸೀರೆಗಳ ನಡುವೆ ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ. ಆದರೆ ಕುಂಬಳಕಾಯಿ ಕೊಯ್ಯಲು ಕೂತರೆ ಅದರ ಬಣ್ಣ ಬಯಲು. ಗಟ್ಟಿ ಒತ್ತಿದೆವೋ, ಕೀಲು ಅಲ್ಲಾಡುತ್ತದೆ. ಅಮ್ಮನದು ಕಾಯಿಗೆ ಹೆದರುತ್ತಿರಲಿಲ್ಲ. ನನ್ನದು ಕಾಯಿ ನೋಡಿದರೆ ಯೋಚನೆ ಮಾಡುತ್ತದೆ. ಹಾಗಂತ ಅಮ್ಮನದನ್ನು ತರುವ ಹಾಗಿತ್ತೇ? ವಿಮಾನ ನಿಲ್ದಾಣದಲ್ಲಿ ನನ್ನನ್ನು ಅಲ್ಲೇ ಇಳಿಸಿ ಈಳಿಗೆಯನ್ನು ಠಾಣೆಗೆ ಕಳಿಸುತ್ತಿದ್ದರು.

ಬೇಟೆಯಲ್ಲೂ ಇದೇ ಲೆಕ್ಕ. ಮೊದಲ ವರ್ಷ ಇವರು ಹೋದದ್ದು ಮಡಚುವ ಚಾಕುವಿನ ಜೊತೆ. ಯಾರ್ಡಿನಲ್ಲಿ ಹಗ್ಗ ಕತ್ತರಿಸಲು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದೇ ಅದು. ಸುಟ್ಟ ಹಂದಿಯನ್ನು ಕೆರೆದರು, ಕೊಯ್ದರು, ನಲ್ಲಿ ನೀರಿನಲ್ಲಿ ಚಾಕು ತೊಳೆದು ಮಡಚಿ ಜೇಬಿಗೆ ಹಾಕಿಕೊಂಡು ಬಂದರು. ಕೆಲವು ದಿನ ಕಳೆದವು. ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ನಾನು ಫ್ರಿಜ್ ಖಾಲಿ ಮಾಡಿದೆ. ಚೆನ್ನಾಗಿದ್ದ ಒಣಮೀನನ್ನು ಎಸೆದೆ. ಲಿಟಲ್ ಇಂಡಿಯಾದಿಂದ ತಂದ ಹೊಸ ಇಂಗಿನ ಡಬ್ಬಿಯ ಮೇಲೂ ಅನುಮಾನ ಬಂದು ಅದನ್ನು ಕಿಟಕಿಯ ಆಚೆ ಇಟ್ಟೆ. ಮಗಳು ಪಲ್ಲವಿ, "ಪಕ್ಕದ ಮನೆಯವರ ಡೂರಿಯನ್ ಇರ್ಬೇಕು ಲಾ" ಎಂದಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ. ನಾವಿಬ್ಬರೂ ಆ ನಾತದ ಹಣ್ಣಿಗೂ ಅದನ್ನು ತಿನ್ನುವವರಿಗೂ ಬೇಕಾದಷ್ಟು ಬೈದುಕೊಂಡೆವು. ಕೊನೆಗೆ ವಾಸನೆ ಹಿಡಿದು ಬೀರು ತೆರೆದರೆ, ಇವರ ಪ್ಯಾಂಟಿನ ಜೇಬಿನಲ್ಲಿ ಚಾಕು. ಕೀಲಿನ ಸಂದಿಯಲ್ಲಿ ಹಂದಿಯ ಕೊಬ್ಬು, ಸುಟ್ಟ ಕೂದಲು. ಹೊರಗಿನಿಂದ ಫಳಫಳ. ಪಕ್ಕದ ಮನೆಯಾಕೆಯನ್ನು ಲಿಫ್ಟಿನಲ್ಲಿ ಕಂಡಾಗ ನಾನು ಬಹಳ ದಿನ ಅಗತ್ಯಕ್ಕಿಂತ ಜಾಸ್ತಿ ನಗುತ್ತಿದ್ದೆ.

ಅದಾದ ಮೇಲೆ ಇವರು ಚೂರಿ ಮಾಡಿಕೊಂಡರು. ಯಾರ್ಡಿನಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಗರಗಸದ ದಪ್ಪ ಅಲಗೊಂದನ್ನು ಕೇಳಿ ತಂದು, ಉಜ್ಜಿ ಉಜ್ಜಿ ಆಕಾರಕ್ಕೆ ತಂದರು. ಹಳೆಯ ದೋಣಿಯ ಮರದ ತುಂಡಿನಿಂದ ಹಿಡಿ, ಕಾಕಿ ಬುಕಿತ್ ಕಡೆ ಚರ್ಮದ ಕೆಲಸ ಮಾಡುವವರಿಂದ ಒಂದು ಒರೆ. ನಮ್ಮ ಮನೆಯಲ್ಲಿ ಅಂದಿನಿಂದ ಮಡಚುವುದು ಚಾಕು, ಮಡಚದ್ದು ಚೂರಿ. "ಕೀಲು ಅಂದ್ರೆ ಒಂದು ಸಂದಿ ಕಣೇ. ಸಂದಿ ಇದ್ದ ಕಡೆ ಕೊಳೆ ನಿಲ್ತದೆ, ಅಲ್ಲಿಂದಲೇ ಮುರೀತದೆ" ಎಂದು ಇವರ ವಾದ. ಯಾರ್ಡಿನಿಂದ ಬಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವಾಗಲೂ ಅದೇ ವಾದ. ದೇವರು ಮನುಷ್ಯನನ್ನು ಮಡಚುವ ಹಾಗೆ ಮಾಡಬಾರದಿತ್ತು ಎನ್ನುತ್ತಿದ್ದರು. ಹಾಗಾದರೆ ಎಂಆರ್‌ಟಿ ರೈಲಿನಲ್ಲಿ ಎಲ್ಲರೂ ನಿಂತೇ ಹೋಗಬೇಕಾಗಿತ್ತು ಎಂದು ನಾನು.

ಈ ಊರು ಮಡಚುವವರ ಊರು. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ. ಮಡಚುವ ಮೇಜು, ಮಡಚುವ ಮಂಚ, ಮಡಚಿ ಬಸ್ಸಿನೊಳಗೆ ತರುವ ಮಗುವಿನ ಗಾಡಿ. ಪಲ್ಲವಿಯ ಮೊಬೈಲು ಕೂಡ ಈಗ ಮಡಚುವಂಥದ್ದು. ಕೋಪ ಬಂದರೆ ಟಪ್ಪೆಂದು ಮುಚ್ಚಿ ಮಾತು ನಿಲ್ಲಿಸಲು ಅನುಕೂಲ. ಜಾಗ ಕಡಿಮೆ ಇರುವ ಕಡೆ ಬೇರೆ ದಾರಿಯಿಲ್ಲ. ಎಲ್ಲಿ ನೋಡಿದರೂ ಕ್ರೇನುಗಳು, ಹಳೆಯ ಕಟ್ಟಡ ಕೆಡವಿ ಹೊಸ ಕಾಂಡೊ ಅಪಾರ್ಟ್‌ಮೆಂಟು. ನಿನ್ನೆ ಇದ್ದ, ಊಟತಿಂಡಿ ಅಂಗಡಿಗಳ ಹಾಕರ್ ಸೆಂಟರ್ ಇವತ್ತು ಬೇಲಿಯೊಳಗೆ. ಊರಿಗೆ ಊರೇ ಮಡಚಿಕೊಂಡು ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿದೆ.

ಇವರ ಕೊನೆಯ ಕಾರ್ಯವೂ ನಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದಲ್ಲಿ, ಮಡಚುವ ಕುರ್ಚಿ ಮೇಜುಗಳ ನಡುವೆಯೇ ನಡೆಯಿತು. ಯಾರ್ಡಿನವರೆಲ್ಲ ಬಂದು ಕೂತಿದ್ದರು. ಚಿತಾಗಾರದಿಂದ ನಾವು ವಾಪಸು ಬರುವಷ್ಟರಲ್ಲಿ ಕುರ್ಚಿಗಳನ್ನೆಲ್ಲ ಮಡಚಿ ಲಾರಿಗೆ ಹಾಕಿ ನೆಲ ತೊಳೆದೂ ಆಗಿತ್ತು. ಅಲ್ಲಿ ಒಬ್ಬ ಮನುಷ್ಯನನ್ನು ಮಲಗಿಸಿದ್ದರು ಎಂಬುದಕ್ಕೆ ಗುರುತೇ ಇಲ್ಲ. ನಾನು ಅಲ್ಲೇ ಕಂಬಕ್ಕೆ ಕೈಕೊಟ್ಟು ಸ್ವಲ್ಪ ಹೊತ್ತು ನಿಂತೆ. ಅವತ್ತು ನನಗೂ ಕೀಲುಗಳ ಮೇಲೆ ಇವರಿಗಿದ್ದಷ್ಟೇ ಸಿಟ್ಟು ಬಂದಿತ್ತು.

ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಸಾಮಾನಿನಲ್ಲಿ ಗಡಿಯಾರ ಇತ್ತು, ಬಸ್ಸಿನ ಕಾರ್ಡು ಇತ್ತು, ಚಾಕು ಇತ್ತು. ಕೆಲಸದ ಜೇಬಿನಲ್ಲಿ ಕೊನೆಯವರೆಗೂ ಇದ್ದದ್ದು. ಚೂರಿ ಮಾತ್ರ ಬೀರುವಿನ ಮೇಲೆ ಟವೆಲ್ಲಿನಲ್ಲಿ ಸುತ್ತಿಕೊಂಡು ಇವರು ಇಟ್ಟ ಹಾಗೇ ಇತ್ತು. ನಾನು ಮುಟ್ಟಲಿಲ್ಲ.

ಈ ಸಲ ಯುಗಾದಿ ಹತ್ತಿರ ಬಂದಾಗ ಆ ಲಿಯೊಂಗ್ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. ನನ್ನನ್ನು ಅವರು ‘ಆ ಸೋ’ ಎನ್ನುತ್ತಾರೆ. ಅವರ ಮಾತಿನಲ್ಲಿ ಅತ್ತಿಗೆ ಎಂದು. ಬಂದವರು ಇವರ ಫೋಟೊ ಮುಂದೆ ಎರಡು ಹಣ್ಣಿಟ್ಟು ಕೈಮುಗಿದರು. ಆಮೇಲೆ ಫ್ಯಾನು ನೋಡುತ್ತ ಕೇಳಿದರು.

"ಆ ಸೋ, ದಿಸ್ ಇಯರ್ ಹೌ? ಜಾವಾ ನೈಫ್ ಕಮಿಂಗ್ ಆರ್ ನಾಟ್?"

ನಾನು ಉಳಿದ ಹಣ್ಣುಗಳನ್ನು ತಟ್ಟೆಗೆ ಜೋಡಿಸತೊಡಗಿದೆ.

"ನೈಫ್ ನೋ ಕಮ್, ಶೇರ್ ಕೆನಾಟ್ ಪುಟ್ ಲಾ. ಜಾವಾ ಓನ್ ರೂಲ್. ಹಿ ವಿಲ್ ಸ್ಕೋಲ್ಡ್ ಮೀ."

ಚೂರಿ ಬರದಿದ್ದರೆ ಗುಡ್ಡೆ ಹಾಕುವ ಹಾಗಿಲ್ಲ, ಜಾವಾನೇ ಮಾಡಿದ ನಿಯಮ, ಮುರಿದರೆ ಬೈಯುತ್ತಾನೆ ಎಂದು ಆ ಚೀನೀ ಮನುಷ್ಯ ಹುಣಸೂರಿನ ಕಟ್ಟಳೆಯನ್ನು ನನಗೆ ನೆನಪಿಸುತ್ತಿದ್ದರು. "ಐ ವಿಲ್ ಟೆಲ್" ಎಂದಷ್ಟೇ ಹೇಳಿ ಕಳಿಸಿದೆ.

ಅವತ್ತು ಸಂಜೆ ಚೂರಿ ಇಳಿಸಿದೆ. ದೋಣಿಮರದ ಹಿಡಿ ಇವರ ಬೆವರು ಕುಡಿದು ಕಪ್ಪಾಗಿತ್ತು. ಹೆಬ್ಬೆರಳು ಕೂರುವಲ್ಲಿ ಒಂದು ಸಣ್ಣ ತಗ್ಗು. ಇದನ್ನು ಕಳಿಸಿದರೆ ಇನ್ನೊಬ್ಬರ ಕೈ ಅಲ್ಲಿ ಕೂರುತ್ತದೆ, ಇನ್ನೊಬ್ಬರ ಬೆವರು ಸೇರುತ್ತದೆ. ಕಳಿಸದಿದ್ದರೆ ಅಲ್ಲಿ ಬಾಳೆಲೆಯ ಸಾಲಿನಲ್ಲಿ ನಮ್ಮ ಮನೆಯ ಗುಡ್ಡೆ ನಿಂತು ಹೋಗುತ್ತದೆ. ಯಾವುದು ಹೋದರೆ ಇವರು ಹೆಚ್ಚು ಹೋದ ಹಾಗೆ? ಇದಕ್ಕೆ ಯಾವ ಫೋರಮ್ಮಿನಲ್ಲಿ ಕೇಳುವುದು?

ಪಲ್ಲವಿ ಆಫೀಸಿನಿಂದ ಬಂದವಳು ಚಾಕು, ಚೂರಿ ಎರಡನ್ನೂ ಮೇಜಿನ ಮೇಲೆ ನೋಡಿದಳು.

"ಅಮ್ಮಾ, ಫೋಲ್ಡಿಂಗ್ ಕೊಟ್ಬಿಡು. ಅದೂ ಅಪ್ಪಂದೇ ಅಲ್ವಾ? ರೂಲ್ ಸ್ಯಾಟಿಸ್‌ಫೈ ಆಗುತ್ತೆ."

"ಅದು ಹಂದಿಗೆ ಆಗಲ್ಲ ಅಂತ ನಿಮ್ಮಪ್ಪಾನೇ ಹೇಳಿಲ್ವೇನೆ?"

"ಮತ್ತೆ ದೊಡ್ಡದನ್ನ ಕೊಡು."

"ಅದು ಹೇಗೆ ಕೊಡ್ಲಿ?"

"ಹಾಗಾದ್ರೆ ಯಾವ್ದೂ ಕೊಡ್ಬೇಡ ಲಾ. ಈ ವರ್ಷ ನಮಗೆ ಹಬ್ಬಾನೇ ಇಲ್ಲ ಅಂದಿದ್ದೆ ನೀನೇ."

ಹೌದು. ಸಾವಾದ ಮನೆ, ವರ್ಷ ತುಂಬುವವರೆಗೆ ಹಬ್ಬವಿಲ್ಲ. ಆದರೆ ಚೂರಿಯ ಗುಡ್ಡೆ ಹಬ್ಬ ಅಲ್ಲವಲ್ಲ, ಸಲ್ಲಬೇಕಾದ ಪಾಲು. ಇಷ್ಟು ವಾದ ಮಾಡಿದ ಮೇಲೆ, ನನ್ನ ಬಾಯಲ್ಲಿ ಇವರ ಮಾತು ಬರುತ್ತಿದೆ ಎಂದು ನನಗೇ ಗೊತ್ತಾಯಿತು.

ಕಾರ್ತಿಕ್ ಹಾಳೆಗಳ ಕಟ್ಟು ಹಿಡಿದು ಬಂದದ್ದು ಇದೇ ಸಮಯದಲ್ಲಿ. ಕಳೆದ ವರ್ಷ ಬೇಟೆ ಮುಗಿಸಿ ಬಂದಾಗ ಇವರು ಅವನಿಗೆ, "ಮುಂದಿನ ಸಲ ಬಾ" ಎಂದಿದ್ದರು. ಅವನು ಆ ಲಿಯೊಂಗರ ಜೊತೆ ಮಾತಾಡಿ ವೀಸಾವನ್ನೂ ಮಾಡಿಸಿಕೊಂಡಿದ್ದ. ನಾನು ಚೂರಿಯನ್ನು ಅವನ ಮುಂದಿಟ್ಟೆ. ಅವನು ಮುಟ್ಟುವ ಮುಂಚೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅದು ನನಗೆ ಹಿಡಿಸಿತು.

"ಆಂಟಿ, ಇಲ್ಲಿ ನೋಡಿ" ಎಂದು ಹಿಡಿಯ ತುದಿ ತೋರಿಸಿದ. ಮರದ ಎರಡು ಪಟ್ಟಿಗಳ ನಡುವೆ ಉಕ್ಕಿನ ಗೆರೆ ಕೊನೆಯವರೆಗೂ ಕಾಣುತ್ತಿತ್ತು. "ಅಲಗು ಹಿಡಿ ಒಳಗೆ ಎಂಡ್‌ವರೆಗೂ ಬಂದಿದೆ. ಮರ ಸವೆದ್ರೆ ಬೇರೆ ಹಾಕಿಸ್ಬಹುದು. ಚೂರಿ ಹಾಗೇ ಇರುತ್ತೆ. ಅಂಕಲ್ ಸಖತ್ತಾಗಿ ಮಾಡಿದ್ದಾರೆ."

ಇಷ್ಟು ವರ್ಷ ನಾನು ಹಿಡಿಯನ್ನೇ ಚೂರಿ ಎಂದುಕೊಂಡಿದ್ದೆನೇನೋ. ಒಳಗೆ ಉಕ್ಕು ಹೀಗೆ ಉದ್ದಕ್ಕೂ ಹೋಗಿದೆಯೆಂದು ನೋಡಿರಲೇ ಇಲ್ಲ.

ಅವನು ಹಿಡಿದು ನೋಡಿ ಪೆಚ್ಚಾದ. "ನನ್ನ ಕೈಗೆ ಸೆಟ್ ಆಗ್ತಿಲ್ಲ ಆಂಟಿ. ತುಂಬಾ ಚಿಕ್ಕದು."

ನನಗೆ ನಗು ಬಂತು. ಇವರ ಕೈ ಚಿಕ್ಕದು. ಪಾತ್ರೆ ತೊಳೆಯುವ ನನ್ನ ರಬ್ಬರ್ ಗ್ಲೌಸನ್ನೇ ಹಾಕಿಕೊಂಡು ಸೈಕಲ್ ಚೈನು ತೊಳೆದು, ಅದರ ಮೇಲೆ ನಮ್ಮ ಮನೆಯಲ್ಲಿ ಜಗಳಗಳೇ ಆಗಿವೆ. ನಗುತ್ತಲೇ ಚೂರಿಯನ್ನು ಕೈಗೆ ತೆಗೆದುಕೊಂಡೆ. ಹೆಬ್ಬೆರಳು ಹೋಗಿ ಆ ತಗ್ಗಿನಲ್ಲಿ ಕೂತಿತು.

ಪಲ್ಲವಿ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದವಳು, "ಪಾಸ್‌ಪೋರ್ಟ್ ಎಕ್ಸ್‌ಪೈರ್ ಆಗಿದ್ಯಾ ಚೆಕ್ ಮಾಡ್ಲಾ?" ಎಂದಳು.

ಭಾನುವಾರ ನಾನೂ ಕಾರ್ತಿಕನೂ ಆ ಲಿಯೊಂಗರ ವ್ಯಾನಿನಲ್ಲಿ ಹೊರಟೆವು. ಚೂರಿ ಒರೆಯೊಳಗೆ, ಒರೆ ಟವೆಲ್ಲಿನೊಳಗೆ, ಟವೆಲ್ಲು ಹಿಂದಿನ ಸಾಮಾನು ಪೆಟ್ಟಿಗೆಯೊಳಗೆ. ಈ ಊರಿನಲ್ಲಿ ಮಡಚದ್ದನ್ನು ಒಯ್ಯುವುದು ಮದುಮಗಳನ್ನು ಕರೆದೊಯ್ದಷ್ಟು ಜೋಪಾನದ ಕೆಲಸ. ಹಂದಿ ಬಿದ್ದದ್ದನ್ನು ನಾನು ನೋಡಲಿಲ್ಲ. ಕಸಿನ್ ಮತ್ತು ಅವರ ನಾಯಿಗಳು ನಸುಕಿನಲ್ಲೇ ಆ ಕೆಲಸ ಮುಗಿಸಿದ್ದರು. ಕಣ್ಣು ಮುಚ್ಚಿಕೊಳ್ಳುವ ಪ್ರಮೇಯ ಬರಲಿಲ್ಲ. ಆದರೆ ಅಂಗಳದಲ್ಲಿ ಬಿಸಿನೀರಿನ ಹಂಡೆ ಇಟ್ಟಿರಲಿಲ್ಲ. ಒಣಗಿದ ತಾಳೆಗರಿ ಪೇರಿಸಿಟ್ಟಿದ್ದರು.

"ಹಾಟ್ ವಾಟರ್ ಬೆಟರ್" ಎಂದರು ಆ ಲಿಯೊಂಗ್, ನನ್ನ ಮುಖ ನೋಡದೆ. "ಬಟ್ ಜಾವಾ ನಾಟ್ ಹಿಯರ್ ಟು ಫೈಟ್. ನೋ ಫನ್ ಲಾ." ಹೇಳಿ ಗರಿಗೆ ಕಡ್ಡಿ ಗೀರಿದರು.

ಕೆರೆಯುವುದು, ಹೊಟ್ಟೆ ಬಿಡಿಸುವುದು ಅವರು ಮಾಡಿದರು. ಕಾರ್ತಿಕ್ ಹೊಸದಾಗಿ ಕೊಂಡ ಮಡಚುವ ಚಾಕು ತೆಗೆದು ಹತ್ತಿರ ಹೋದವನು, ಕರುಳು ಹೊರಬಂದೊಡನೆ ಅದನ್ನು ಮಡಚಿ, ತಾನೂ ಒಂದು ಮರದ ಬುಡದಲ್ಲಿ ಮಡಚಿಕೊಂಡು ಕೂತ. "ಓಕೆ ಆಂಟಿ, ಐ ಆಮ್ ಓಕೆ" ಎನ್ನುತ್ತಿದ್ದ. ಬಾಡು ತುಂಡು ಮಾಡುವ ಸರದಿ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗು ಸಿಕ್ಕಿಸಿ ಕೂತೆ.

ಇದು ನನಗೆ ಗೊತ್ತಿರುವ ಕೆಲಸವೇ. ಅಂಗಡಿಯಿಂದ ತಂದ ಕೋಳಿ, ಕುರಿ, ಮೀನು ಎಷ್ಟೋ ತುಂಡು ಮಾಡಿದ್ದೇನೆ. ಆದರೆ ಮಡಚುವ ಈಳಿಗೆಯ ಮುಂದೆ ಕೂತು ಕೂತು, ಒತ್ತುವ ಮುಂಚೆ ಒಂದು ಗಳಿಗೆ ಅಳುಕುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಚೂರಿಗೆ ಆ ಅಳುಕು ಬೇಕಿರಲಿಲ್ಲ. ಒತ್ತಿದಷ್ಟೂ ಹೋಯಿತು. ಬಿಸಿಲೇರಿತು. ಬೆವರು ಮೊಣಕೈಯಿಂದ ಇಳಿದು ಹಿಡಿಯ ಮೇಲೆ ಹರಿಯಿತು. ಇವರ ಬೆವರಿನ ಮೇಲೆ ಬೇರೆಯವರ ಬೆವರು ಬೀಳಬಾರದೆಂದು ತಾನೆ ಅಷ್ಟು ಯೋಚಿಸಿದ್ದು? ಬಿತ್ತು. ನನ್ನದೇ ಬಿತ್ತು. ಆಮೇಲೆ ಎಡಗೈಯಿಂದ ಹಣೆ ಒರೆಸಿಕೊಂಡು ಇನ್ನೊಂದು ತೊಡೆ ಕೊಡಿ ಎಂದೆ.

ಬಾಳೆಲೆ ಹಾಸಿದರು. ಕಸಿನ್ ಕೂತು ಗುಡ್ಡೆ ಹಾಕುತ್ತ ಹೋದರು. ಎಲುಬು ಎಲುಬಿನ ಪಾಲಿಗೆ, ಕೊಬ್ಬು ಕೊಬ್ಬಿನ ಪಾಲಿಗೆ, ಒಂದು ತುಂಡು ಆಚೀಚೆಯಾದರೆ ಎತ್ತಿ ಸರಿಮಾಡುತ್ತ. ಎಲ್ಲರದೂ ಮುಗಿದ ಮೇಲೆ ಕೊನೆಯಲ್ಲಿ ಇನ್ನೊಂದು ಎಲೆ ಹಾಸಿ, ಅದರ ಮೇಲೂ ಅಷ್ಟೇ ಹಾಕಿ, ನನ್ನ ಕೈಯಿಂದ ಚೂರಿ ತೆಗೆದುಕೊಂಡು ಆ ಗುಡ್ಡೆಯ ಪಕ್ಕ ಇಟ್ಟರು. ಆ ಲಿಯೊಂಗ್ ಕೆಮ್ಮಿದರು.

ಸಾರು ನಾನೇ ಮಾಡಿದೆ. ಮಸಾಲೆಯನ್ನೂ ರಾಗಿ ಹಿಟ್ಟನ್ನೂ ಮನೆಯಿಂದಲೇ ಒಯ್ದಿದ್ದೆ. ಚೀನೀಯರು ಮುದ್ದೆಯನ್ನು ಅಗಿಯುತ್ತಾ ಕೂತದ್ದನ್ನು ಇವರು ನೋಡಬೇಕಿತ್ತು. ಹಾಗಲ್ಲ, ನುಂಗಬೇಕು ಎಂದು ತೋರಿಸಿಕೊಟ್ಟೆ. ನನ್ನ ಪಾಲು ಉಂಡೆ. ಆಮೇಲೆ ಚೂರಿಯ ಪಾಲು ಬಂತು. ಸೇತುವೆ ದಾಟಿಸುವ ಹಾಗಿಲ್ಲ, ಮನೆಗೆ ಸಲ್ಲಬೇಕಾದದ್ದು, ಮನೆಯಿಂದ ಬಂದವಳು ನಾನೊಬ್ಬಳೇ. ನಿಧಾನವಾಗಿ ಅದನ್ನೂ ಉಂಡೆ. ಇವರಿಗೆ ಯಾಕೆ ಪಶ್ಚಾತ್ತಾಪ ಆಗುತ್ತಿರಲಿಲ್ಲ ಎಂದು ಅರ್ಥವಾಯಿತು. ಬಹಳ ರುಚಿಯಾಗಿತ್ತು.

ಚೂರಿಯನ್ನು ನಲ್ಲಿಯ ಕೆಳಗೆ ಹಿಡಿದೆ. ಒಂದು ಸಲ ಉಜ್ಜಿದರೆ ಚೊಕ್ಕಟ. ವ್ಯಾನಿನಲ್ಲಿ ಬರುವಾಗ ಆ ಲಿಯೊಂಗ್ ಒಂದು ಕಿತ್ತಳೆ ಕೊಟ್ಟರು. ಇವರ ಚಾಕುವನ್ನು ಕೈಚೀಲದಿಂದ ತೆಗೆದು, ಇವರು ಮಾಡುತ್ತಿದ್ದ ಹಾಗೆ ಸಿಪ್ಪೆಯ ಸುತ್ತ ಒಂದು ಗೆರೆ ಎಳೆದು ಬಿಡಿಸಿದೆ. ಅದರ ಕೀಲಿನಲ್ಲಿ ಈಗ ಕಿತ್ತಳೆಯ ವಾಸನೆ. ಸಂದಿಯಲ್ಲಿ ಏನು ನಿಲ್ಲುತ್ತದೆ ಎಂಬುದು ನಾವು ಏನು ಕೊಯ್ಯುತ್ತೇವೆ ಎಂಬುದರ ಮೇಲೆ ಇದೆ. ಇದನ್ನು ಇವರಿಗೆ ಹೇಳಿದ್ದರೆ ಒಪ್ಪುತ್ತಿರಲಿಲ್ಲ, ಇನ್ನೊಂದು ವಾದಕ್ಕೆ ಕೂರುತ್ತಿದ್ದರು.

ಹಿಂದಿನ ಸೀಟಿನಲ್ಲಿದ್ದ ಕಾರ್ತಿಕನಿಗೆ ಅಷ್ಟರಲ್ಲಿ ಮುಖದ ಬಣ್ಣ ವಾಪಸು ಬಂದಿತ್ತು. ಮುಂದಕ್ಕೆ ಬಗ್ಗಿ ಕೇಳಿದ.

"ಆಂಟಿ, ಕೊನೆಗೂ ನೀವು ಹೇಳ್ಲೇ ಇಲ್ಲ. ಫಿಕ್ಸೆಡ್ಡಾ, ಫೋಲ್ಡಿಂಗಾ?"

ಅವನಿಗೆ ಎರಡು ತೊಳೆ ಕಿತ್ತಳೆ ಕೊಟ್ಟೆ.

"ಒಂದೇ ಸಲಕ್ಕೆ ಹೇಗಪ್ಪ ಹೇಳೋದು?" ಎಂದೆ. "ಮುಂದಿನ ವರ್ಷವೂ ಬಂದು ನೋಡಿ ಹೇಳ್ತೀನಿ."